ಒಂದೇ ಕೋಶ, ಬೇರೆ ಬೇರೆ ಪ್ರೋಟೀನ್: ಸಸ್ತನಿಗಳ ಕಣ್ಣಿನೊಳಗಿನ ಕ್ಯಾಲ್ಸಿಯಂ ಕತೆ

(ವಿದ್ಯಾರ್ಥಿಗಳು ಮತ್ತು ಸಾರ್ವಜನಿಕರಿಗಾಗಿ ಮಾಡಿದ ಉಪನ್ಯಾಸದ ಬರಹ ರೂಪ. ಪರದೆಯ ಮೇಲೆ ತೋರಿಸಿದ್ದ ಚಿತ್ರಗಳನ್ನು ಇಲ್ಲಿ ಮಾತಿನಲ್ಲೇ ವಿವರಿಸಿದ್ದೇನೆ. ಕೊನೆಗೆ ಕೇಳಿಬಂದ ಪ್ರಶ್ನೆಗಳಲ್ಲಿ ಕೆಲವನ್ನು ಸೇರಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಜರ್ಮನಿಯ ಫ್ರಾಂಕ್‌ಫರ್ಟ್‌ನಲ್ಲಿ ಮೆದುಳಿನ ಸಂಶೋಧನೆಗೆಂದೇ ಒಂದು ಮ್ಯಾಕ್ಸ್ ಪ್ಲಾಂಕ್ ಸಂಸ್ಥೆ ಇದೆ. ಅಲ್ಲಿ ಹೈಂಜ್ ವೆಸ್ಲೆ ಎಂಬ ವಿಜ್ಞಾನಿಯ ಗುಂಪು ವರ್ಷಗಟ್ಟಲೆ ಕಣ್ಣಿನ ರೆಟಿನಾವನ್ನು ಕೋಶ ಕೋಶವಾಗಿ ಬಿಡಿಸಿ ನೋಡಿತು. 1993ರಲ್ಲಿ ಅವರು ರ‍್ಯಾಟ್‌ನ ರೆಟಿನಾದಲ್ಲಿ ಒಂದು ಬಗೆಯ ನರಕೋಶವನ್ನು ಪಾರ್ವಾಲ್ಬುಮಿನ್ ಎಂಬ ಪ್ರೋಟೀನ್ ಹಿಡಿದು ಗುರುತಿಸಿದರು. ಎರಡು ವರ್ಷದ ನಂತರ ಮಂಗದ ರೆಟಿನಾದಲ್ಲೂ ಅದೇ ಬಗೆಯ ಕೋಶವನ್ನು ಗುರುತಿಸಿದರು. ಆದರೆ ಈ ಸಲ ಹಿಡಿದದ್ದು ಬೇರೆ ಪ್ರೋಟೀನ್, ಕ್ಯಾಲ್‌ರೆಟಿನಿನ್. ಕೋಶ ಒಂದೇ, ಅದರ ಕೆಲಸ ಒಂದೇ, ಅದು ಕೂರುವ ಜಾಗವೂ ಒಂದೇ. ಒಳಗಿರುವ ಪ್ರೋಟೀನ್ ಮಾತ್ರ ಬೇರೆ. ಇದು ಯಾಕೆ ಹೀಗೆ ಅನ್ನೋದೇ ಇವತ್ತಿನ ಮಾತು.

ಮೊದಲೇ ಒಂದು ವಿಷಯ ಹೇಳಿಬಿಡುತ್ತೇನೆ. ನಾವು ಎಲ್ಲವನ್ನೂ ಇಲಿ ಅಂದುಬಿಡುತ್ತೇವೆ. ಲ್ಯಾಬಿನಲ್ಲಿ ಎರಡು ಬಗೆ ಇವೆ: ದೊಡ್ಡದು ರ‍್ಯಾಟ್, ಚಿಕ್ಕದು ಮೌಸ್. ಇವತ್ತಿನ ವಿಷಯಕ್ಕೆ ಆ ವ್ಯತ್ಯಾಸ ಬಹಳ ಮುಖ್ಯ. ಅದಕ್ಕೇ ರ‍್ಯಾಟ್, ಮೌಸ್ ಎಂದೇ ಹೇಳುತ್ತೇನೆ.

ರೆಟಿನಾ ಅಂದರೆ ಕಣ್ಣಿನ ಒಳಗೋಡೆಗೆ ಅಂಟಿಕೊಂಡಿರುವ ತೆಳುವಾದ ಪೊರೆ. ದಪ್ಪ ಸುಮಾರು ಕಾಲು ಮಿಲಿಮೀಟರ್. ಅಷ್ಟರಲ್ಲೇ ಐದು ಮುಖ್ಯ ಬಗೆಯ ನರಕೋಶಗಳು ಪದರ ಪದರವಾಗಿ ಕೂತಿವೆ. ತೀರಾ ಹಿಂದೆ ಬೆಳಕು ಹಿಡಿಯುವ ಕೋಶಗಳು. ಮಂದ ಬೆಳಕಿಗೆ ರಾಡ್, ಹಗಲಿಗೂ ಬಣ್ಣಕ್ಕೂ ಕೋನ್. ಇವು ಕೊಡುವ ಸುದ್ದಿಯನ್ನು ಬೈಪೋಲಾರ್ ಕೋಶಗಳು ಮುಂದಕ್ಕೆ ಒಯ್ಯುತ್ತವೆ. ಕೊನೆಗೆ ಗ್ಯಾಂಗ್ಲಿಯಾನ್ ಕೋಶಗಳು ಅದನ್ನು ಮೆದುಳಿಗೆ ಕಳಿಸುತ್ತವೆ. ಮನುಷ್ಯರ ಒಂದು ಕಣ್ಣಿನಲ್ಲಿ ಇವು ಸುಮಾರು 10 ಲಕ್ಷ ಇವೆ. ಈ ದಾರಿಯಲ್ಲಿ ಅಡ್ಡಡ್ಡ ಕೂತು ಸುದ್ದಿಯನ್ನು ತಿದ್ದುವ ಕೋಶಗಳು ಎರಡು ಬಗೆ: ಹೊರಗಿನ ಪದರದಲ್ಲಿ ಹಾರಿಜಾಂಟಲ್ ಕೋಶ, ಒಳಗಿನ ಪದರದಲ್ಲಿ ಅಮಕ್ರೈನ್ ಕೋಶ. ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಇನ್ನು ಕ್ಯಾಲ್ಸಿಯಂ. ಮೂಳೆಯದ್ದಲ್ಲ, ನರಕೋಶದ ಕ್ಯಾಲ್ಸಿಯಂ. ಕೋಶದ ಹೊರಗಿನ ದ್ರವದಲ್ಲಿ ಅದು ಒಳಗಿನದಕ್ಕಿಂತ ಸುಮಾರು 10,000 ಪಟ್ಟು ಜಾಸ್ತಿ ಇರುತ್ತದೆ. ಕೋಶ ಪಂಪು ಹಾಕಿ ಹಾಕಿ ಅದನ್ನು ಆಚೆ ದಬ್ಬುತ್ತಲೇ ಇರುತ್ತದೆ. ಯಾಕೆಂದರೆ ಒಳಗೆ ಸ್ವಲ್ಪ ಕ್ಯಾಲ್ಸಿಯಂ ನುಗ್ಗಿದರೂ ಅದೊಂದು ಸಂಕೇತ. ಒಂದು ನರಕೋಶ ಇನ್ನೊಂದಕ್ಕೆ ರಾಸಾಯನಿಕ ಸುದ್ದಿ ಬಿಡುವುದು ಕ್ಯಾಲ್ಸಿಯಂ ಒಳಗೆ ಬಂದಾಗಲೇ. ಬಂದದ್ದು ಹಾಗೇ ಉಳಿದುಬಿಟ್ಟರೆ ಕೋಶ ಸಾಯುತ್ತದೆ.

ಹಾಗಾಗಿ ಕೋಶದೊಳಗೆ ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್‌ಗಳಿವೆ. ಇವು ಹೇಗೆ ಹಿಡಿಯುತ್ತವೆ ಎಂಬುದು ಮೊದಲು ಕಂಡದ್ದು ಕಾರ್ಪ್ ಮೀನಿನ ಮಾಂಸಖಂಡದಲ್ಲಿ. 1973ರಲ್ಲಿ ರಾಬರ್ಟ್ ಕ್ರೆಟ್ಸಿಂಗರ್ ಆ ಮೀನಿನ ಪಾರ್ವಾಲ್ಬುಮಿನ್‌ನ ಆಕಾರವನ್ನು ಎಕ್ಸ್-ರೇ ಮೂಲಕ ಬಿಡಿಸಿದರು. ಪ್ರೋಟೀನಿನ ಎರಡು ಸುರುಳಿಗಳು ಚಾಚಿದ ಹೆಬ್ಬೆರಳು, ತೋರುಬೆರಳಿನಂತೆ ನಿಂತಿದ್ದವು. ನಡುವೆ 12 ಅಮೈನೋ ಆಮ್ಲಗಳ ಒಂದು ಕುಣಿಕೆ. ಆ ಕುಣಿಕೆಯಲ್ಲಿ ಒಂದು ಕ್ಯಾಲ್ಸಿಯಂ. ಆ ಸುರುಳಿಗಳಿಗೆ ಅವರು ಇಟ್ಟಿದ್ದ ಗುರುತು ಇ ಮತ್ತು ಎಫ್. ಹಾಗಾಗಿ ಇದಕ್ಕೆ ಇಎಫ್-ಹ್ಯಾಂಡ್ ಎಂದೇ ಹೆಸರಾಯಿತು. ಇವತ್ತಿನ ಕತೆಯ ಮುಖ್ಯ ಪಾತ್ರಗಳೆಲ್ಲ ಇದೇ ಕೈ ಇರುವವು. ಅಂದ ಹಾಗೆ, ಮೀನು ತಿಂದರೆ ಮೈಯೆಲ್ಲ ದದ್ದು ಏಳುವವರು ನಿಮ್ಮಲ್ಲಿ ಯಾರಾದರೂ ಇದ್ದರೆ, ಬಹುಪಾಲು ಮಂದಿಗೆ ಆಗದಿರುವುದು ಮೀನಿನ ಈ ಪಾರ್ವಾಲ್ಬುಮಿನ್ನೇ.

ಎರಡನೆಯದು ಕ್ಯಾಲ್‌ಬಿಂಡಿನ್. 1966ರಲ್ಲಿ ರಾಬರ್ಟ್ ವಾಸರ್ಮನ್ ಮತ್ತು ಟೇಲರ್ ಅದನ್ನು ಕಂಡದ್ದು ಕೋಳಿಮರಿಯ ಕರುಳಿನಲ್ಲಿ. ಅಲ್ಲಿ ಅದು ಹುಟ್ಟಬೇಕಾದರೆ ವಿಟಮಿನ್ ಡಿ ಬೇಕು. ಮೆದುಳಿನಲ್ಲಿ ಇದೇ ಪ್ರೋಟೀನ್ ವಿಟಮಿನ್ ಡಿ ಹಂಗಿಲ್ಲದೆ ಹುಟ್ಟುತ್ತದೆ. ಮೂರನೆಯದು ಕ್ಯಾಲ್‌ರೆಟಿನಿನ್. ಜಾನ್ ರಾಜರ್ಸ್ 1987ರಲ್ಲಿ ಇದರ ಜೀನನ್ನು ಕೋಳಿಯ ರೆಟಿನಾದಿಂದ ಹೊರತೆಗೆದರು. ಕ್ಯಾಲ್‌ಬಿಂಡಿನ್‌ಗೆ ಇದು ತೀರಾ ಹತ್ತಿರದ ನಂಟು. ಇವೆರಡರ ಸರಣಿ ಅರ್ಧಕ್ಕಿಂತ ಜಾಸ್ತಿ ಒಂದೇ.

ಕ್ಯಾಲ್ಸಿಯಂ ಹಿಡಿಯುವ ಪ್ರೋಟೀನ್‌ಗಳಲ್ಲಿ ಎರಡು ಬಗೆ ಇವೆ. ಬೆಂಗಳೂರಿನ ಮನೆಯೊಂದನ್ನು ನೆನೆಸಿಕೊಳ್ಳಿ. ನೀರು ಎರಡು ದಿನಕ್ಕೊಮ್ಮೆ ಬರುತ್ತದೆ. ಸಂಪ್ ಇದ್ದರೆ ಬಂದ ನೀರನ್ನು ತುಂಬಿಟ್ಟುಕೊಂಡು ನಿಧಾನಕ್ಕೆ ಬಿಡಬಹುದು. ಟ್ಯಾಂಕಿಗೆ ಒಂದು ಅಲಾರಂ ಇರುತ್ತದೆ, ತುಂಬಿತು ಅಂತ ಕೂಗುತ್ತದೆ, ಯಾರಾದರೂ ಹೋಗಿ ಮೋಟಾರ್ ಆರಿಸುತ್ತಾರೆ. ಕೆಲವು ಪ್ರೋಟೀನ್‌ಗಳು ಸಂಪ್ ಥರ, ಸುಮ್ನೆ ಹಿಡಿದಿಟ್ಟುಕೊಳ್ಳುತ್ತವೆ. ಪಾರ್ವಾಲ್ಬುಮಿನ್ ಈ ಗುಂಪಿನದು. ಕ್ಯಾಲ್‌ಬಿಂಡಿನ್, ಕ್ಯಾಲ್‌ರೆಟಿನಿನ್ ಕೂಡ ಬಹುಮಟ್ಟಿಗೆ ಇಲ್ಲಿಗೇ ಸೇರುತ್ತವೆ. ಇನ್ನು ಕೆಲವು ಅಲಾರಂ ಥರ. ಕ್ಯಾಲ್ಸಿಯಂ ಹಿಡಿದ ಕೂಡಲೇ ಆಕಾರ ಬದಲಿಸಿ ಬೇರೊಂದು ಪ್ರೋಟೀನಿಗೆ ಹೇಳುತ್ತವೆ. ಹಿಡಿದಿಡುವವು, ಸುದ್ದಿ ಹೇಳುವವು: ಈ ಎರಡನ್ನು ಬೇರೆ ಮಾಡಿಕೊಳ್ಳದಿದ್ದರೆ ಮುಂದಿನದೆಲ್ಲ ಗೋಜಲಾಗುತ್ತದೆ.

ಹಿಡಿದಿಡುವವುಗಳಲ್ಲೂ ವೇಗದ ವ್ಯತ್ಯಾಸ ಇದೆ. ಕೋಶ ಸುಮ್ಮನಿದ್ದಾಗ ಪಾರ್ವಾಲ್ಬುಮಿನ್‌ನ ಕೈಯಲ್ಲಿ ಮೆಗ್ನೀಸಿಯಂ ಇರುತ್ತದೆ. ಅದನ್ನು ಬಿಟ್ಟ ಮೇಲೆಯೇ ಕ್ಯಾಲ್ಸಿಯಂ ಹಿಡಿಯಬೇಕು. ಹಾಗಾಗಿ ಅದು ತಡ. ಕ್ಯಾಲ್‌ಬಿಂಡಿನ್‌ಗೆ ಅಷ್ಟು ತಡ ಆಗುವುದಿಲ್ಲ.

ಇನ್ನು ಇವನ್ನು ನೋಡುವುದು ಹೇಗೆ? ಪ್ರೋಟೀನಿಗೆ ಅಂಟುವ ಆಂಟಿಬಾಡಿಯನ್ನು ರೆಟಿನಾದ ತೆಳು ಸೀಳಿನ ಮೇಲೆ ಹಾಕುತ್ತಾರೆ. ಅದಕ್ಕೆ ಹೊಳೆಯುವ ಬಣ್ಣ ಕಟ್ಟಿದ ಇನ್ನೊಂದು ಆಂಟಿಬಾಡಿ. ಮೈಕ್ರೋಸ್ಕೋಪಿನಲ್ಲಿ ಪ್ರೋಟೀನ್ ಇರುವ ಕೋಶ ಪೂರ್ತಿ ಬೆಳಗುತ್ತದೆ, ಕೊಂಬೆ ರೆಂಬೆ ಸಮೇತ. ಈ ಪ್ರೋಟೀನ್‌ಗಳು ಕೋಶದ ತುಂಬಾ ಹರಡಿರುವುದರಿಂದ ಚಿತ್ರ ತುಂಬಾ ಚೆನ್ನಾಗಿ ಬರುತ್ತದೆ. ಇವು ಇಷ್ಟು ಜನಪ್ರಿಯ ಆಗಲು ಅದೇ ನಿಜವಾದ ಕಾರಣ ಅಂತ ನನ್ನ ಅನಿಸಿಕೆ. ಅವು ಏನು ಮಾಡುತ್ತವೆ ಎಂಬ ಕುತೂಹಲಕ್ಕಿಂತ, ಅವು ಕೋಶವನ್ನು ಚೆನ್ನಾಗಿ ತೋರಿಸುತ್ತವೆ ಎಂಬ ಅನುಕೂಲವೇ ಜಾಸ್ತಿ.

ಮೌಸ್ ರೆಟಿನಾದ ಒಂದು ಚಿತ್ರವನ್ನು ಪರದೆಯ ಮೇಲೆ ತೋರಿಸಿದ್ದೆ. ಅದರಲ್ಲಿ ಕ್ಯಾಲ್‌ರೆಟಿನಿನ್‌ಗೆ ಬಣ್ಣ ಹಾಕಿದೆ. ಒಳಪದರದಲ್ಲಿ ಸಾಲು ಎಳೆದಂತೆ ಮೂರು ಪಟ್ಟೆಗಳು ಕಾಣುತ್ತವೆ. ಮೇಲಿನದು, ಕೆಳಗಿನದು ಸ್ಟಾರ್‌ಬರ್ಸ್ಟ್ ಎಂಬ ಅಮಕ್ರೈನ್ ಕೋಶಗಳ ಕೊಂಬೆಗಳಿರುವ ಜಾಗ. ವಸ್ತು ಯಾವ ದಿಕ್ಕಿಗೆ ಚಲಿಸುತ್ತಿದೆ ಎಂದು ರೆಟಿನಾಕ್ಕೆ ಗೊತ್ತಾಗುವುದು ಆ ಕೋಶಗಳಿಂದ. ಮೌಸ್ ಮೇಲೆ ಕೆಲಸ ಮಾಡುವವರು ಈ ಮೂರು ಪಟ್ಟೆಯನ್ನು ಸ್ಕೇಲ್ ಥರ ಬಳಸುತ್ತಾರೆ. ಯಾವ ಕೋಶದ ಕೊಂಬೆ ಎಷ್ಟು ಆಳದಲ್ಲಿದೆ ಎಂದು ಅದರ ಲೆಕ್ಕದಲ್ಲೇ ಹೇಳುತ್ತಾರೆ.

ಈಗ ಪ್ರಾಣಿಯಿಂದ ಪ್ರಾಣಿಗೆ ಹೋಗೋಣ. ಹಾರಿಜಾಂಟಲ್ ಕೋಶದಿಂದ ಶುರು. ಮೌಸ್, ರ‍್ಯಾಟ್ ಎರಡರಲ್ಲೂ ಈ ಕೋಶ ಒಂದೇ ಬಗೆ, ಅದರ ತುಂಬಾ ಕ್ಯಾಲ್‌ಬಿಂಡಿನ್. ಉಳಿದ ಹೆಚ್ಚಿನ ಸಸ್ತನಿಗಳಲ್ಲಿ ಎರಡು ಬಗೆ. ಮೊಲದಲ್ಲಿ ಒಂದು ಬಗೆ ಕ್ಯಾಲ್‌ಬಿಂಡಿನ್‌ನಿಂದ ಜೋರಾಗಿ ಹೊಳೆಯುತ್ತದೆ, ಇನ್ನೊಂದು ಮಂಕು. ಬೆಕ್ಕಿನಲ್ಲಿ ಕ್ಯಾಲ್‌ಬಿಂಡಿನ್ನೂ ಇದೆ, ಪಾರ್ವಾಲ್ಬುಮಿನ್ನೂ ಇದೆ. ಮಂಗ ಮತ್ತು ಮನುಷ್ಯರಿಗೆ ಬಂದರೆ ಪಾರ್ವಾಲ್ಬುಮಿನ್ ಮುಂದೆ ಬರುತ್ತದೆ.

ಮಂಗ, ಮನುಷ್ಯರಲ್ಲಿ ಕ್ಯಾಲ್‌ಬಿಂಡಿನ್ ಎಲ್ಲಿ? ಕೋನ್ ಕೋಶಗಳಲ್ಲಿ! ಮೌಸ್‌ನ ಕೋನ್‌ನಲ್ಲಿ ಅದು ಇಲ್ಲವೇ ಇಲ್ಲ. ನಮ್ಮದರಲ್ಲಿ ಇದೆ, ಆದರೆ ಎಲ್ಲ ಕಡೆ ಅಲ್ಲ. ನಾವು ಅಕ್ಷರ ಓದುವಾಗ ಬಳಸುವ ನಟ್ಟನಡುವಿನ ಗುಳಿ ಇದೆಯಲ್ಲ, ಫೋವಿಯಾ, ಅಲ್ಲಿನ ಕೋನ್‌ಗಳಲ್ಲಿ ಬಹಳ ಕಡಿಮೆ. ಅಂಚಿನ ಕಡೆ ಹೋದಂತೆ ಚೆನ್ನಾಗಿ ಕಾಣುತ್ತದೆ. ಅಂದರೆ ಒಂದೇ ಕಣ್ಣಿನೊಳಗೆ, ಒಂದೇ ಬಗೆಯ ಕೋಶದಲ್ಲಿ, ಕೂತ ಜಾಗಕ್ಕೆ ತಕ್ಕಂತೆ ಪ್ರೋಟೀನ್ ಬೇರೆ. ಮೌಸ್‌ಗೆ ಫೋವಿಯಾವೇ ಇಲ್ಲ. ಸಸ್ತನಿಗಳಲ್ಲಿ ಅದು ಇರುವುದು ಮಂಗ, ಮನುಷ್ಯರ ಕುಲದಲ್ಲಿ ಮಾತ್ರ. ಹಾಗಾಗಿ ಈ ಪ್ರಶ್ನೆಯನ್ನು ಮೌಸ್ ಇಟ್ಟುಕೊಂಡು ಕೇಳಲು ಬರುವುದಿಲ್ಲ. ದೆಹಲಿಯ ಏಮ್ಸ್‌ನಲ್ಲಿ ತಪಸ್ ನಾಗ್ ಮತ್ತು ಶಶಿ ವಾಧ್ವಾ 1990ರ ದಶಕದಲ್ಲಿ ಮನುಷ್ಯರ ರೆಟಿನಾದಲ್ಲೇ ಕ್ಯಾಲ್‌ಬಿಂಡಿನ್, ಪಾರ್ವಾಲ್ಬುಮಿನ್ ಎರಡನ್ನೂ, ಭ್ರೂಣದ ಹಂತದಿಂದ ವಯಸ್ಕರವರೆಗೆ, ನೋಡಿದ್ದಾರೆ. ಇಂಥ ಕೆಲಸ ಕಷ್ಟದ್ದು, ಹಾಗಾಗಿ ಕಡಿಮೆ. ಅದಕ್ಕೇ ಬೆಲೆ ಜಾಸ್ತಿ.

ಈಗ ಶುರುವಿನಲ್ಲಿ ಹೇಳಿದ ಕೋಶ. ಅದರ ಹೆಸರು ಎ-ಟೂ ಅಮಕ್ರೈನ್. ನನಗೆ ರೆಟಿನಾದಲ್ಲಿ ಅತಿ ಇಷ್ಟವಾದ ಕೋಶ ಇದು, ಸ್ವಲ್ಪ ಹೊತ್ತು ಇಲ್ಲೇ ಇರುತ್ತೇನೆ. ಕತ್ತಲಲ್ಲಿ ರಾಡ್ ಹಿಡಿದ ಸುದ್ದಿ ರಾಡ್ ಬೈಪೋಲಾರ್ ಕೋಶಕ್ಕೆ ಹೋಗುತ್ತದೆ. ಅಲ್ಲಿಂದ ನೇರವಾಗಿ ಗ್ಯಾಂಗ್ಲಿಯಾನ್‌ಗೆ ಹೋಗಬೇಕು ಅಲ್ವಾ? ಹೋಗುವುದಿಲ್ಲ. ಅದು ಎ-ಟೂಗೆ ಹೋಗುತ್ತದೆ. ಎ-ಟೂ ಅದನ್ನು ಹಗಲಿನ ದಾರಿಗೆ, ಅಂದರೆ ಕೋನ್‌ಗಳಿಗೆಂದೇ ಇರುವ ಬೈಪೋಲಾರ್ ಕೋಶಗಳಿಗೆ ದಾಟಿಸುತ್ತದೆ. ರಾತ್ರಿಯ ನೋಟ ಹಗಲಿನ ರಸ್ತೆಯಲ್ಲೇ ಮೆದುಳಿಗೆ ಹೋಗುತ್ತದೆ. ಬೆಕ್ಕಿನಲ್ಲಿ ಫಾಮಿಲಿಯೆಟ್ಟಿ ಮತ್ತು ಹೆಲ್ಗಾ ಕೋಲ್ಬ್ 1975ರಲ್ಲಿ ಇದನ್ನು ಬಿಡಿಸಿ ತೋರಿಸಿದರು. ಆಮೇಲೆ ನೋಡಿದ ಸಸ್ತನಿಗಳಲ್ಲೆಲ್ಲ ಇದೇ ಏರ್ಪಾಡು ಕಂಡಿತು.

ಇಷ್ಟು ಗಟ್ಟಿಯಾಗಿ ಉಳಿದುಕೊಂಡು ಬಂದ ಕೋಶದೊಳಗಿನ ಪ್ರೋಟೀನ್ ನೋಡಿ. ರ‍್ಯಾಟ್‌ನಲ್ಲಿ ಪಾರ್ವಾಲ್ಬುಮಿನ್. ಮಂಗದಲ್ಲಿ ಕ್ಯಾಲ್‌ರೆಟಿನಿನ್. ಮೊಲದಲ್ಲೂ ಕ್ಯಾಲ್‌ರೆಟಿನಿನ್ ಚೆನ್ನಾಗಿ ಹಿಡಿಯುತ್ತದೆ. ಬೆಕ್ಕಿನಲ್ಲಿ ಎರಡೂ. ಕೊರಿಯಾದ ಸಂಶೋಧಕರು 2007ರಲ್ಲಿ ಬಾವಲಿಯ ರೆಟಿನಾ ನೋಡಿದರು, ಅಲ್ಲಿ ಪಾರ್ವಾಲ್ಬುಮಿನ್. ರ‍್ಯಾಟ್‌ನ ಪಕ್ಕದ ನಂಟ ಮೌಸ್‌ನಲ್ಲಿ ಏನಿರಬೇಕು ಅಂತ ನೀವು ಊಹಿಸುತ್ತೀರಿ? ರ‍್ಯಾಟ್‌ನಲ್ಲಿ ಇದ್ದದ್ದೇ ಅಲ್ವಾ? ಅಲ್ಲ. ಮೌಸ್‌ನ ಎ-ಟೂನಲ್ಲಿ ಪಾರ್ವಾಲ್ಬುಮಿನ್ ಇಲ್ಲ. ಅದಕ್ಕೇ ಮೌಸ್‌ನಲ್ಲಿ ಈ ಕೋಶ ಹುಡುಕುವವರು 2000ದ ನಂತರ ಕ್ಯಾಲ್ಸಿಯಂಗೆ ಸಂಬಂಧವೇ ಇಲ್ಲದ ಡಿಸೇಬಲ್ಡ್-1 ಎಂಬ ಬೇರೊಂದು ಪ್ರೋಟೀನ್ ಬಳಸುತ್ತಾರೆ.

ಮೌಸ್‌ನಲ್ಲಿ ಪಾರ್ವಾಲ್ಬುಮಿನ್ ಮುಖ್ಯವಾಗಿ ಇರುವುದು ಗ್ಯಾಂಗ್ಲಿಯಾನ್ ಕೋಶಗಳಲ್ಲಿ, ಅದೂ ಎಂಟು ಬಗೆಯವುಗಳಲ್ಲಿ. ಇದರಿಂದ ಒಂದು ಚೆಂದದ ಕೆಲಸ ಆಯಿತು. ಸ್ವಿಟ್ಜರ್ಲೆಂಡಿನ ಬೋಟೊಂಡ್ ರೋಸ್ಕಾ ಅವರ ಗುಂಪು ಪಾರ್ವಾಲ್ಬುಮಿನ್ ಕೋಶಗಳು ತಾವಾಗಿಯೇ ಹೊಳೆಯುವ ಮೌಸ್ ಇಟ್ಟುಕೊಂಡು, ಅವುಗಳಲ್ಲಿ ಒಂದು ಬಗೆ ಹತ್ತಿರ ಬರುವ ವಸ್ತುವಿಗೆ ಮಾತ್ರ ಪ್ರತಿಕ್ರಿಯಿಸುತ್ತದೆ ಎಂದು 2009ರಲ್ಲಿ ತೋರಿಸಿತು. ಪಕ್ಕಕ್ಕೆ ಹೋಗುವ ವಸ್ತುವಿಗೆ ಅದು ಸುಮ್ಮನಿರುತ್ತದೆ. ಅದನ್ನು ಸುಮ್ಮನಿರಿಸುವ ತಂತಿಗಳಲ್ಲಿ ನಮ್ಮ ಎ-ಟೂ ಕೂಡ ಇತ್ತು. ಬರೀ ರಾತ್ರಿ ಪಾಳಿ ಅಂದುಕೊಂಡಿದ್ದ ಕೋಶಕ್ಕೆ ಹಗಲಲ್ಲೂ ಕೆಲಸ ಇದೆ ಎಂದಾಯಿತು.

ಈಗ ಕೇಳಲೇಬೇಕಾದ ಪ್ರಶ್ನೆ. ಈ ಪ್ರೋಟೀನ್ ಇಲ್ಲದಿದ್ದರೆ ಏನಾಗುತ್ತದೆ? ಅದನ್ನೂ ಮಾಡಿ ನೋಡಿದ್ದಾರೆ. 1997ರಲ್ಲಿ ಕ್ಯಾಲ್‌ಬಿಂಡಿನ್ ಜೀನ್ ತೆಗೆದ ಮೌಸ್ ತಯಾರಾಯಿತು. ಅದರ ನಡಿಗೆಯ ಹಿಡಿತ ತಪ್ಪಿತ್ತು, ಅಂದರೆ ಹಿಂಮೆದುಳಿನಲ್ಲಿ ಈ ಪ್ರೋಟೀನಿಗೆ ಬೆಲೆ ಇದೆ. ಮರುವರ್ಷ ವೆಸ್ಲೆ ಗುಂಪು ಅದೇ ಮೌಸ್‌ನ ರೆಟಿನಾ ನೋಡಿತು. ಹಾರಿಜಾಂಟಲ್ ಕೋಶಗಳು ಇದ್ದ ಜಾಗದಲ್ಲೇ ಇದ್ದವು. ಆಕಾರ ಸರಿ ಇತ್ತು. ಕ್ಯಾಲ್‌ಬಿಂಡಿನ್ ಹೋದ ಜಾಗಕ್ಕೆ ಪಾರ್ವಾಲ್ಬುಮಿನ್, ಕ್ಯಾಲ್‌ರೆಟಿನಿನ್ ಬಂದು ತುಂಬಿಕೊಂಡಿವೆಯಾ ಅಂತ ನೋಡಿದರೆ ಅದೂ ಇಲ್ಲ. ಜೀವಮಾನವಿಡೀ ಆ ಪ್ರೋಟೀನ್ ತುಂಬಿಕೊಂಡಿರುವ ಕೋಶ, ಅದಿಲ್ಲದೆಯೂ ನೋಡೋದಕ್ಕೆ ಆರಾಮವಾಗಿಯೇ ಇತ್ತು.

ಹಾಗಂತ ಅದು ದಂಡ ಅನ್ನುವುದು ಅವಸರ. ಆಕಾರ ಸರಿ ಇದ್ದರೆ ಕೆಲಸವೂ ಸರಿ ಇದೆ ಅಂತಲ್ಲ. ಲ್ಯಾಬಿನ ಪಂಜರದಲ್ಲಿ ಸುಖವಾಗಿರುವ ಮೌಸ್‌ಗೆ ಬಾರದ ಕಷ್ಟ ಹೊಲದ ಇಲಿಗೆ ಬರಬಹುದು. ಆದರೂ ನನ್ನ ಓದು ಹೀಗೆ: ಹಿಡಿದಿಡುವುದೇ ಮುಖ್ಯ ಕೆಲಸವಾದರೆ, ಯಾವ ಪ್ರೋಟೀನ್ ಹಿಡಿಯಿತು ಎಂಬುದರಲ್ಲಿ ಸಡಿಲಿಕೆ ಇರುತ್ತದೆ. ವಿಕಾಸದ ದಾರಿಯಲ್ಲಿ ಒಂದನ್ನು ಬಿಟ್ಟು ಇನ್ನೊಂದನ್ನು ಹಿಡಿದರೂ ಪ್ರಾಣಿಗೆ ದೊಡ್ಡ ನಷ್ಟ ಇಲ್ಲ.

ಇದು ಸರಿ ಎಂದರೆ, ಸುದ್ದಿ ಹೇಳುವ ಪ್ರೋಟೀನ್‌ಗಳು ಹೀಗೆ ಬದಲಾಗಬಾರದು. ನೋಡೋಣ. ಕತ್ತಲಲ್ಲಿ ರಾಡ್‌ನೊಳಗೆ ಕ್ಯಾಲ್ಸಿಯಂ ಬರುತ್ತಿರುತ್ತದೆ. ಬೆಳಕು ಬಿದ್ದಾಗ ಬಾಗಿಲು ಮುಚ್ಚುತ್ತದೆ, ಕ್ಯಾಲ್ಸಿಯಂ ಇಳಿಯುತ್ತದೆ. ಇಳಿದದ್ದನ್ನು ಜಿಕ್ಯಾಪ್ ಎಂಬ ಪ್ರೋಟೀನ್ ಗಮನಿಸಿ, ಬಾಗಿಲು ಮತ್ತೆ ತೆರೆಯುವ ರಾಸಾಯನಿಕ ತಯಾರಿಸು ಎಂದು ಒಂದು ಕಿಣ್ವಕ್ಕೆ ಹೇಳುತ್ತದೆ. ರಾಡ್‌ನಲ್ಲಿ ಬೆಳಕು ಹಿಡಿಯುವ ಪ್ರೋಟೀನಿನ ಹೆಸರು ರೋಡಾಪ್ಸಿನ್. ರಿಕವರಿನ್ ಎಂಬ ಇನ್ನೊಂದು ಪ್ರೋಟೀನ್, ಬೆಳಕು ಹಿಡಿದ ರೋಡಾಪ್ಸಿನ್ ಎಷ್ಟು ಬೇಗ ಆರಬೇಕು ಎಂಬುದನ್ನು ಹತೋಟಿಯಲ್ಲಿಡುತ್ತದೆ. ರಿಕವರಿನ್ ಇಲ್ಲದ ಮೌಸ್‌ನ ರಾಡ್‌ನಲ್ಲಿ ಬೆಳಕಿನ ಪ್ರತಿಕ್ರಿಯೆ ಬೇಗ ಆರಿಹೋಗುತ್ತದೆ. ಬಿಸಿಲಿನಿಂದ ಸಿನಿಮಾ ಹಾಲಿಗೆ ಹೋದರೂ, ಹಾಲಿನಿಂದ ಬಿಸಿಲಿಗೆ ಬಂದರೂ ಸ್ವಲ್ಪ ಹೊತ್ತಿನಲ್ಲಿ ಕಣ್ಣು ಹೊಂದಿಕೊಳ್ಳುತ್ತದಲ್ಲ, ಅದರ ಹಿಂದಿನ ಕೆಲಸದಲ್ಲಿ ಇವುಗಳದ್ದೂ ಪಾಲಿದೆ.

ಈ ಎರಡೂ ಮೌಸ್, ದನ, ಮಂಗ, ಮನುಷ್ಯ ಎಲ್ಲರ ರಾಡ್, ಕೋನ್‌ಗಳಲ್ಲೂ ಇವೆ. ಇಲ್ಲಿ ಸಡಿಲಿಕೆ ಇಲ್ಲ. ಮನುಷ್ಯರ ಜಿಕ್ಯಾಪ್-1ರಲ್ಲಿ 99ನೇ ಜಾಗದ ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಸಾಕು, ಕೋನ್‌ಗಳು ಕ್ರಮೇಣ ಸಾಯುವ ರೋಗ ಮನೆತನದಲ್ಲಿ ಇಳಿದು ಬರುತ್ತದೆ. ರಿಕವರಿನ್ ಕತೆ ಇನ್ನೂ ವಿಚಿತ್ರ. ಕೆಲವರ ಶ್ವಾಸಕೋಶದ ಕ್ಯಾನ್ಸರ್ ಗಡ್ಡೆ ತನಗೆ ಬೇಡದ ರಿಕವರಿನ್ ತಯಾರಿಸುತ್ತದೆ. ದೇಹ ಅದನ್ನು ಪರಕೀಯ ಎಂದು ತಿಳಿದು ಆಂಟಿಬಾಡಿ ಮಾಡುತ್ತದೆ. ಆ ಆಂಟಿಬಾಡಿ ಕಣ್ಣಿಗೆ ಹೋಗಿ ರಾಡ್, ಕೋನ್‌ಗಳನ್ನು ಹಾಳುಮಾಡುತ್ತದೆ. ಗಡ್ಡೆ ಪತ್ತೆಯಾಗುವ ಮೊದಲೇ ದೃಷ್ಟಿ ಹೋಗಲು ಶುರುವಾದ ಉದಾಹರಣೆಗಳಿವೆ.

ನನ್ನ ವಾದಕ್ಕೆ ತೊಡಕಾಗುವ ಒಂದು ವಿಷಯವನ್ನೂ ಹೇಳಬೇಕು. ರಿಕವರಿನ್ ಬರೀ ರಾಡ್, ಕೋನ್‌ಗಳಲ್ಲಿ ಇಲ್ಲ. ಕೆಲವು ಬೈಪೋಲಾರ್ ಕೋಶಗಳಲ್ಲೂ ಇದೆ. ಮೌಸ್‌ನಲ್ಲಿ ಅದು ಎರಡನೇ ಬಗೆಯ ಕೋನ್ ಬೈಪೋಲಾರ್. ಮಂಗದಲ್ಲಿ ಅದು ಫೋವಿಯಾದ ಸೂಕ್ಷ್ಮ ನೋಟಕ್ಕೆ ಬೇಕಾದ ಮಿಡ್ಜೆಟ್ ಬೈಪೋಲಾರ್‌ಗಳಲ್ಲಿ ಒಂದು ಬಗೆ. ಅಂದರೆ ಅದೇ ಪ್ರೋಟೀನ್ ಒಂದು ಕೋಶದಲ್ಲಿ ಕಡ್ಡಾಯ, ಇನ್ನೊಂದರಲ್ಲಿ ಪ್ರಾಣಿಗೊಂದು ಥರ. ಕಾಯಂ ಆಗಿರುವುದು ಪ್ರೋಟೀನ್ ಅಲ್ಲ, ಪ್ರೋಟೀನ್ ಮತ್ತು ಅದರ ಜೊತೆಗಾರನ ಜೋಡಿ. ರಾಡ್‌ನಲ್ಲಿ ಆ ಜೋಡಿ ಇದೆ. ಬೈಪೋಲಾರ್‌ನಲ್ಲಿ ರೋಡಾಪ್ಸಿನ್ನೇ ಇಲ್ಲ.

ಕೋಶಗಳನ್ನು ಒಂದೆರಡು ಪ್ರೋಟೀನ್ ನೋಡಿ ವಿಂಗಡಿಸುವ ಕಾಲ ಈಗ ಹಿಂದಾಗುತ್ತಿದೆ. ಒಂದೊಂದು ಕೋಶದ ಸಾವಿರಾರು ಜೀನ್‌ಗಳನ್ನು ಒಟ್ಟಿಗೆ ಓದುತ್ತಾರೆ. 2023ರಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಕೆಲಸದಲ್ಲಿ ಮನುಷ್ಯರಿಂದ ಲ್ಯಾಂಪ್ರೇ ಎಂಬ ದವಡೆಯಿಲ್ಲದ ಮೀನಿನವರೆಗೆ 17 ಜೀವಿಗಳ ರೆಟಿನಾ ಹೋಲಿಸಿದ್ದಾರೆ. ನಮ್ಮ ಮಿಡ್ಜೆಟ್ ಗ್ಯಾಂಗ್ಲಿಯಾನ್ ಕೋಶಗಳಿಗೆ ಮೌಸ್‌ನಲ್ಲಿ ಸಾಟಿಯೇ ಇಲ್ಲ ಎಂದುಕೊಂಡಿದ್ದೆವು. ಅಲ್ಲಿನ ಆಲ್ಫಾ ಎಂಬ ಗ್ಯಾಂಗ್ಲಿಯಾನ್ ಕೋಶಗಳೇ ಅವುಗಳ ನಂಟರು ಎಂದು ಆ ಹೋಲಿಕೆ ಹೇಳಿತು. ಹೊಳೆಯುವ ಬಣ್ಣದ ಒಂದೇ ಪ್ರೋಟೀನ್ ನಂಬಿದ್ದರೆ ಈ ನಂಟು ಸಿಗುತ್ತಿರಲಿಲ್ಲ.

ಇನ್ನು ಪ್ರಶ್ನೆಗಳು. ಮೊದಲ ಸಾಲಿನಲ್ಲಿದ್ದ ಒಬ್ಬ ಅಮ್ಮ ಕೇಳಿದರು: "ರಾಗಿ ಜಾಸ್ತಿ ತಿಂದರೆ ಕಣ್ಣಿನ ಈ ಕ್ಯಾಲ್ಸಿಯಂ ಜಾಸ್ತಿ ಆಗತ್ತಾ?" ಆಗುವುದಿಲ್ಲ ಅಮ್ಮ. ರಾಗಿಯಲ್ಲಿ ಕ್ಯಾಲ್ಸಿಯಂ ಧಾರಾಳವಾಗಿದೆ, 100 ಗ್ರಾಂಗೆ 300 ಮಿಲಿಗ್ರಾಂಗಿಂತ ಜಾಸ್ತಿ. ಮೂಳೆಗೆ ಒಳ್ಳೆಯದು, ತಿನ್ನಿ. ಆದರೆ ರಕ್ತದಲ್ಲಿನ ಮಟ್ಟವನ್ನು ದೇಹ ಬಿಗಿಯಾಗಿ ಕಾಯುತ್ತದೆ. ಕೋಶದೊಳಗಿನದನ್ನು ಕೋಶ ಇನ್ನೂ ಬಿಗಿಯಾಗಿ ಕಾಯುತ್ತದೆ. ಊಟಕ್ಕೂ ಅದಕ್ಕೂ ನೇರ ಸಂಬಂಧ ಇಲ್ಲ.

ಒಬ್ಬ ವಿದ್ಯಾರ್ಥಿ ಕೇಳಿದ: "ಸರ್, ಹಾಗಾದ್ರೆ ಮೌಸ್ ಮೇಲೆ ಮಾಡಿದ ಪ್ರಯೋಗ ನಂಬಬಾರದಾ?" ನಂಬಬಹುದಪ್ಪ, ಯಾವುದನ್ನು ಎಂಬುದು ಮುಖ್ಯ. ರಾಡ್ ಹೇಗೆ ಬೆಳಕು ಹಿಡಿಯುತ್ತದೆ ಎಂಬುದು ಬಹುಪಾಲು ನಮಗೂ ಹೊಂದುತ್ತದೆ. "ಪಾರ್ವಾಲ್ಬುಮಿನ್ ಇರುವ ಕೋಶ ಕಂಡಿತು, ಹಾಗಾಗಿ ಅದು ಇಂಥದ್ದೇ" ಎಂಬುದು ಪಕ್ಕದ ರ‍್ಯಾಟ್‌ಗೂ ಹೊಂದುವುದಿಲ್ಲ.

ಕೊನೆಯ ಪ್ರಶ್ನೆ ಹಿಂದಿನ ಸಾಲಿನಿಂದ ಬಂತು: ಎಲ್ಲ ಸಸ್ತನಿಗೂ ಹೊಂದುವ ಗುರುತು ಒಂದಾದರೂ ಇದೆಯೇ? ಇವೆ. ಗ್ಯಾಂಗ್ಲಿಯಾನ್ ಕೋಶಗಳಿಗೆ ಆರ್‌ಬಿಪಿಎಂಎಸ್ ಎಂಬ ಪ್ರೋಟೀನ್ ಇದೆ. ಅದು ಆರ್‌ಎನ್‌ಎಗೆ ಅಂಟುವಂಥದ್ದು. ಮೌಸ್, ರ‍್ಯಾಟ್, ಗಿನಿಪಿಗ್, ಮೊಲ, ಮಂಗ ಎಲ್ಲದರಲ್ಲೂ ಕೆಲಸ ಮಾಡಿದೆ. ರಾಡ್ ಬೈಪೋಲಾರ್ ಕೋಶಕ್ಕೆ ಪ್ರೋಟೀನ್ ಕೈನೇಸ್ ಸಿ-ಆಲ್ಫಾ ಎಂಬ ಕಿಣ್ವ. 1990ರಲ್ಲೇ ರ‍್ಯಾಟ್, ಬೆಕ್ಕು, ಮೊಲ, ಮಂಗಗಳಲ್ಲಿ ಇದನ್ನು ತೋರಿಸಿದ್ದಾರೆ, ಇವತ್ತಿಗೂ ಎಲ್ಲರೂ ಬಳಸುತ್ತಾರೆ. ಮಜಾ ಅಂದರೆ ಈ ಕಿಣ್ವವೂ ಕ್ಯಾಲ್ಸಿಯಂ ಹಿಡಿಯುತ್ತದೆ. ಇಎಫ್-ಹ್ಯಾಂಡ್‌ನಿಂದ ಅಲ್ಲ, ಸಿ-2 ಎಂಬ ಬೇರೊಂದು ಭಾಗದಿಂದ. ಕ್ಯಾಲ್ಸಿಯಂ ಹಿಡಿದ ಮೇಲೆ ಅದು ಸುಮ್ಮನೆ ಇಟ್ಟುಕೊಂಡು ಕೂರುವುದಿಲ್ಲ, ಕೋಶದ ಪೊರೆಗೆ ಹೋಗಿ ಅಂಟಿಕೊಂಡು ಕೆಲಸ ಶುರು ಮಾಡುತ್ತದೆ.